ಓಡುತ್ತಿರುವ ಪ್ರೋಗ್ರಾಮಿಗೆ ಹೊಸ ಲೆಕ್ಕ

ಕೇಳುಗರಿಗೆ ನಮಸ್ಕಾರ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ ಒಂದೊಂದು ಮಾಲಿಗೂ ಒಂದೊಂದು ದರ. ಮಂಡಿಯ ಲೆಕ್ಕಕ್ಕೆ ಪ್ರೋಗ್ರಾಮ್ ಬರೆಯುವವರು ಒಂದು ವಿಷಯ ಗಮನಿಸಬೇಕು. ತೂಕ, ಖಾತೆ, ರಸೀದಿಗಳ ಭಾಗ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ತೇವಾಂಶಕ್ಕೆ ಎಷ್ಟು ಕಡಿತ ಎಂಬಂಥ ನಿಯಮ ಬದಲಾಗಬಹುದು. ಅಷ್ಟಕ್ಕಾಗಿ ಇಡೀ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಕಟ್ಟುತ್ತಾ, ತೀರ್ಥಹಳ್ಳಿಯಿಂದ ಮೂಟೆ ತಂದ ಬೆಳೆಗಾರರನ್ನು ಕಾಯಿಸುವುದು ಸರಿಯಲ್ಲ.

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ದಾರಿ ಇದೆ. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರಿನ ಈ ಭಾಷೆಯ ಮೊದಲ ವರದಿ ಬಂದದ್ದು 1990ರಲ್ಲಿ. ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನವೇ ಕಂಪೈಲರ್. ಹ್ಯಾಸ್ಕೆಲ್‌ನ ಮುಖ್ಯ ಕಂಪೈಲರ್ ಜಿಎಚ್‌ಸಿಯನ್ನು ಲೈಬ್ರರಿಯಾಗಿ, ಅಂದರೆ ಸಿದ್ಧ ಕೋಡಿನ ಕಟ್ಟಾಗಿ, ನಮ್ಮ ಪ್ರೋಗ್ರಾಮಿನೊಳಗೇ ಸೇರಿಸಿಕೊಳ್ಳಬಹುದು. ಅದರ ಮೇಲೆ ಕಟ್ಟಿರುವ ‘ಹಿಂಟ್’ ಎಂಬ ಲೈಬ್ರರಿ ಆ ಕೆಲಸವನ್ನು ಹಗುರಗೊಳಿಸುತ್ತದೆ. ನಿಯಮವನ್ನು ಪ್ರತ್ಯೇಕ ಕಡತದಲ್ಲಿ ಬರೆದಿಟ್ಟರೆ, ಓಡುತ್ತಿರುವ ಪ್ರೋಗ್ರಾಮೇ ಅದನ್ನು ಓದಿ, ಅರ್ಥೈಸಿ, ಬಳಸುತ್ತದೆ.

ನನಗೆ ಇದರಲ್ಲಿ ಅತ್ಯಂತ ಮೆಚ್ಚುಗೆಯಾದದ್ದು ಟೈಪ್ ತಪಾಸಣೆ, ಅಂದರೆ ಯಾವ ಬಗೆಯ ಮೌಲ್ಯ ಒಳಬಂದು ಯಾವ ಬಗೆಯದು ಹೊರಬರುತ್ತದೆ ಎಂಬುದರ ಪರೀಕ್ಷೆ. ‘ತೂಕ ಮತ್ತು ತೇವಾಂಶ ಪಡೆದು ಮೊತ್ತ ಕೊಡುವ ಫಂಕ್ಷನ್ ಬೇಕು’ ಎಂದು ಮೊದಲೇ ಹೇಳಿರುತ್ತೇವೆ. ಕಡತದಲ್ಲಿರುವುದು ಹಾಗಿಲ್ಲದಿದ್ದರೆ, ಒಂದು ರಸೀದಿಯೂ ಹೊರಡುವ ಮೊದಲೇ ಅದು ತಿರಸ್ಕೃತವಾಗುತ್ತದೆ. ದೋಷದ ವಿವರ ನಮ್ಮ ಕೈಗೆ ಬರುತ್ತದೆ; ಹಳೆಯ ನಿಯಮದಲ್ಲೇ ವ್ಯವಹಾರ ಮುಂದುವರಿಸಬಹುದು. ಕಡತ ಅಳಿಸುವುದು, ಜಾಲಕ್ಕೆ ಹೋಗುವುದು ಮುಂತಾದ ಕೆಲಸಗಳು, ಹೊರಗಿನೊಡನೆ ವ್ಯವಹರಿಸುವುದನ್ನು ಸೂಚಿಸುವ ಐಒ ಎಂಬ ಟೈಪಿನಲ್ಲಿ ಕಾಣಿಸಿಕೊಳ್ಳಬೇಕಾದ್ದರಿಂದ, ಬರೀ ಲೆಕ್ಕದ ಫಂಕ್ಷನ್ ಕೇಳಿದಾಗ ಅವು ಸಾಮಾನ್ಯವಾಗಿ ನುಸುಳಲಾರವು. ಐಒ ಕೆಲಸವನ್ನು ಬರೀ ಲೆಕ್ಕದಂತೆ ತೋರಿಸುವ ಕಳ್ಳದಾರಿಯೊಂದು ಇದೆ, ಅನ್‌ಸೇಫ್‌ಪರ್ಫಾರ್ಮ್‌ಐಒ. ಬೇರೆಯವರು ಬರೆದ ನಿಯಮವಾದರೆ ‘ಸೇಫ್ ಹ್ಯಾಸ್ಕೆಲ್’ ಕಟ್ಟುಪಾಡು ಹಾಕಿ ಅದನ್ನು ಮುಚ್ಚಲೇಬೇಕು.

ತೊಂದರೆಗಳೂ ಇವೆ. ಜಿಎಚ್‌ಸಿಯ ಲೈಬ್ರರಿ ಕಡತಗಳು, ಅದೂ ನಾವು ಕಂಪೈಲ್ ಮಾಡಿದ ಆವೃತ್ತಿಯವೇ, ಮಂಡಿಯ ಕಂಪ್ಯೂಟರಿನಲ್ಲೂ ಇರಬೇಕು. ಜಾಗ ಬಹಳ ಬೇಕು. ಹೀಗೆ ಅರ್ಥೈಸಿ ಓಡಿಸುವ ಕೋಡ್ ನಿಧಾನ, ಆದ್ದರಿಂದ ಭಾರದ ಕೆಲಸವನ್ನು ಕಂಪೈಲ್ ಆದ ಭಾಗಕ್ಕೇ ಬಿಡಬೇಕು. ಕೊನೆಯಿಲ್ಲದೆ ಸುತ್ತುವ ನಿಯಮವನ್ನು ಟೈಪ್ ತಡೆಯುವುದಿಲ್ಲ. ಅದಕ್ಕೆ ಸಮಯದ ಮಿತಿ ಬೇಕು. ಹ್ಯಾಸ್ಕೆಲ್ ಉತ್ತರ ಬೇಕಾದಾಗಲೇ ಲೆಕ್ಕ ಮಾಡುವ ಭಾಷೆ. ಹಾಗಾಗಿ ಆ ಮಿತಿಯನ್ನು ಕಡತ ಓದುವ ಹಂತಕ್ಕಷ್ಟೇ ಅಲ್ಲ, ಮೊತ್ತ ಹೊರಡುವ ಹಂತಕ್ಕೂ ಹಾಕಬೇಕು.

ಕಡಿತವನ್ನು ಶೇಕಡಾ 2ರ ಜಾಗದಲ್ಲಿ 20 ಎಂದು ಬರೆದರೂ ಟೈಪ್ ಒಪ್ಪಿಬಿಡುತ್ತದೆ, ನಷ್ಟ ಮಾತ್ರ ಬೆಳೆಗಾರರಿಗೆ. ಅದಕ್ಕೇ ಹೊಸ ನಿಯಮವನ್ನು ಚಾಲ್ತಿಗೆ ತರುವ ಮುನ್ನ ಹಳೆಯ ರಸೀದಿಗಳ ಮೇಲೆ ಓಡಿಸಿ, ಎರಡೂ ಮೊತ್ತಗಳನ್ನು ಅಕ್ಕಪಕ್ಕ ಇಟ್ಟು, ಮಂಡಿಯ ಲೆಕ್ಕ ಬಲ್ಲವರಿಗೆ ತೋರಿಸಿ. ಅವರು ಒಪ್ಪಿದ ಮೇಲೆಯೇ ಹಳೆಯದನ್ನು ತೆಗೆಯಿರಿ. ನಮಸ್ಕಾರ.