ತುರಿಕೆ ಯಾವ ಗಿಡದ್ದು, ಮದ್ದು ಯಾವುದು?

ಕ್ಯಾಮೆರಾ ಮಾತ್ರ ಹತ್ತಿರ ಹೋಗಿದೆ, ನಾನು ನಾಲ್ಕು ಮಾರು ದೂರ ನಿಂತಿದ್ದೇನೆ. ಬೇಲಿಯ ಮೇಲೆ ಗೊಂಚಲಾಗಿ ನೇತಾಡುತ್ತಿರುವ, ಕಂದು ಮಖಮಲ್ಲು ಹೊದ್ದಂತಿರುವ ಈ ಕಾಯಿಯೇ ನಸುಗುನ್ನಿ. ಒಣಗಿದ ಮೇಲೆ ಅದನ್ನು ಮುಟ್ಟಲೇಬೇಕೆಂದಿಲ್ಲ, ಗಾಳಿ ಬೀಸುವ ಕಡೆ ನಿಂತರೂ ಸಾಕು. ಕಾಯಿಯ ರೋಮ ಚರ್ಮಕ್ಕೆ ಚುಚ್ಚಿಕೊಂಡು ಮ್ಯೂಕುನೈನ್ ಎಂಬ ಪ್ರೋಟೀನನ್ನು ಒಳಗೆ ಬಿಡುತ್ತದೆ. ಅದು ತುರಿಕೆಯ ನರಗಳನ್ನು ನೇರವಾಗಿ ಕೆಣಕುತ್ತದೆ. ಸಾಮಾನ್ಯ ಅಲರ್ಜಿ ಮಾತ್ರೆ ನುಂಗಿದರೂ ನಸುಗುನ್ನಿ ಅಷ್ಟಾಗಿ ಬಗ್ಗದಿರುವುದು ಇದಕ್ಕೇ.

ಮಲೆನಾಡಿನಲ್ಲಿ ಇದಕ್ಕೆ ಸಗಣಿ ಬಳಿಯುತ್ತಾರೆ, ಬೂದಿ ಹಚ್ಚುತ್ತಾರೆ. ಸಗಣಿ ಒಣಗಿ ಉದುರುವಾಗ ಒಂದಿಷ್ಟು ರೋಮವನ್ನೂ ಕಿತ್ತುಕೊಂಡು ಬರುತ್ತದೆ ಎನ್ನುವುದು ನನ್ನ ತರ್ಕ. ಹಾಗಿದ್ದರೆ ಅಂಟುಪಟ್ಟಿ ಒತ್ತಿ ಎತ್ತಿದರೂ ಅದೇ ಕೆಲಸವಾಗುತ್ತದಲ್ಲ! ಕೆರೆದು ಗಾಯವಾದ ಚರ್ಮಕ್ಕೆ ಸಗಣಿ ಬೇಡವೇ ಬೇಡ, ಧನುರ್ವಾಯುವಿನ ಭಯವಿದೆ. ರೋಮ ತೆಗೆಯದೆ ಉಜ್ಜಿದರೆ ಅದು ಇನ್ನಷ್ಟು ಜಾಗಕ್ಕೆ ಹರಡುತ್ತದೆ.

ಈಗ ಕಾಣುತ್ತಿರುವುದು ಹೊಳೆಗೇರು. ಕಾಂಡದ ಮೇಲೆ ಕಪ್ಪಗೆ ಇಳಿದಿರುವ ಗೆರೆಯನ್ನು ನೋಡಿ. ಗಾಳಿಗೆ ಒಡ್ಡಿಕೊಂಡ ಸೊನೆ ಹೀಗೆ ಕಪ್ಪಾಗುತ್ತದೆ. ಇದು, ಗೋಡಂಬಿಯ ಗೇರು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಡುಗೇರು, ಮಾವು ಎಲ್ಲವೂ ಒಂದೇ ಕುಟುಂಬ. ಇಲ್ಲಿ ಚುಚ್ಚುವ ರೋಮವಿಲ್ಲ, ಚರ್ಮಕ್ಕೆ ಇಳಿಯುವ ಎಣ್ಣೆಯಂಥ ರಸವಿದೆ. ಸೊನೆ ತಾಗಿದ ದಿನ ಏನೂ ಅನಿಸದೆ, ಒಂದೆರಡು ದಿನ ಕಳೆದು ಗುಳ್ಳೆ ಏಳುವುದೂ ಉಂಟು. ಅಷ್ಟರಲ್ಲಿ ಯಾವ ಮರ ಸೋಕಿತ್ತೆಂಬುದೇ ಮರೆತಿರುತ್ತದೆ.

ಕೇರಳದವರು ಹೊಳೆಗೇರಿನ ಜಾತಿಯನ್ನು ಚೇರು ಎನ್ನುತ್ತಾರೆ. ಚೇರು ಮುನಿದು ಮೈಯಲ್ಲಿ ದದ್ದು ಎದ್ದರೆ ತಾನ್ನಿಗೆ, ಅಂದರೆ ನಮ್ಮ ತಾರೆ ಮರಕ್ಕೆ, ಪ್ರದಕ್ಷಿಣೆ ಹಾಕುವ ಪದ್ಧತಿ ಅಲ್ಲಿದೆ. ನಗುವವರು ನಗಲಿ. ಈ ದದ್ದು ಎರಡು ಮೂರು ವಾರಗಳಲ್ಲಿ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಪ್ರದಕ್ಷಿಣೆ ಹಾಕಿದವನು ಆ ಹೊತ್ತಿನಲ್ಲಿ ಕೆರೆದುಕೊಳ್ಳುವುದಿಲ್ಲವಾದರೆ ಅಷ್ಟೂ ಲಾಭವೇ.

ಕಾಡುಗೇರಿನ ಉರಿಗೆ ಆಯುರ್ವೇದ ಹೇಳುವುದು ತುಪ್ಪ, ತೆಂಗಿನೆಣ್ಣೆ ಮತ್ತು ಅರೆದ ಕೊತ್ತಂಬರಿ ಸೊಪ್ಪನ್ನು. ಬಾಯಾರಿದ ಚರ್ಮಕ್ಕೆ ತಂಪೇನೋ ಆಗುತ್ತದೆ. ಆದರೆ ಎಣ್ಣೆಯ ನಿಜವಾದ ಜಾಣತನ ಕೆಲಸಕ್ಕೆ ಇಳಿಯುವ ಮೊದಲಿನದು. ಗೋಡಂಬಿ ಸುಲಿಯುವ ಹೆಂಗಸರು ಕೈಗೆ ಎಣ್ಣೆ, ಬೂದಿ ಬಳಿದುಕೊಂಡೇ ಕೂರುತ್ತಾರೆ. ಸುವರ್ಣಗೆಡ್ಡೆ ಹೆಚ್ಚುವಾಗ ನಮ್ಮ ಮನೆಯಲ್ಲೂ ಇದೇ ಕ್ರಮ. ಅದರ ತುರಿಕೆಗೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಚೂಪು ಹರಳುಗಳು. ಕೈ ತುರಿಸಿದರೆ ಹುಣಸೆಹುಳಿ ತಿಕ್ಕುತ್ತೇವೆ. ಅದೇ ಹುಳಿಯನ್ನು ಹೊಳೆಗೇರಿನ ಗುಳ್ಳೆಗೆ ತಿಕ್ಕಿದರೆ ಉರಿ ಹೆಚ್ಚುತ್ತದೆ, ಅಷ್ಟೆ.

ಸೊನೆ ತಾಗಿದ ತಕ್ಷಣ ಮಾಡಬೇಕಾದದ್ದು ಸೋಪು ಹಚ್ಚಿ ಧಾರಾಳವಾಗಿ ನೀರಿನಲ್ಲಿ ತೊಳೆಯುವುದು. ಆಮೇಲೆ ತಣ್ಣೀರಿನ ಬಟ್ಟೆ. ಮುಖ ಊದಿದರೆ, ಕಣ್ಣಿಗೆ ತಾಗಿದರೆ, ಈ ಮರ ಸುಟ್ಟ ಹೊಗೆ ಕುಡಿದು ಉಸಿರು ಕಟ್ಟಿದರೆ ಸೊಪ್ಪು ಅರೆಯುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಕತ್ತಿಯನ್ನೂ ಅಂಗಿಯನ್ನೂ ಬೇರೆಯಾಗಿ ತೊಳೆಯಿರಿ. ಸೊನೆ ಹತ್ತಿದ ಹಿಡಿಯನ್ನು ಮುಂದಿನ ವಾರ ಮುಟ್ಟಿದವರಿಗೂ ಗುಳ್ಳೆ ಏಳಬಹುದು.