ಅಕ್ಕ, ಶಾಲೆ, ಮನೆ, ಮುದುಕ

ಕೇಳುಗರಿಗೆ ನಮಸ್ಕಾರ.

ಒಂದು ಇಂಗ್ಲಿಷ್ ವಾಕ್ಯವನ್ನು ನಿಧಾನವಾಗಿ ಓದುತ್ತೇನೆ, ಕಿವಿಗೊಡಿ. ‘ದ ಓಲ್ಡ್ ಮ್ಯಾನ್ ಹೂ ಲಿವ್ಸ್ ಇನ್ ದ ಹೌಸ್ ಬಿಹೈಂಡ್ ದ ಸ್ಕೂಲ್ ವೇರ್ ಮೈ ಸಿಸ್ಟರ್ ಟೀಚಸ್ ಈಸ್ ಎ ಪೇಂಟರ್.’ ಇದರಲ್ಲಿ ಚಿತ್ರ ಬರೆಯುವವರು ಯಾರು? ಅಕ್ಕನೋ, ಮುದುಕನೋ? ಇಲ್ಲಿರುವ ಪದಗಳೆಲ್ಲ ಏಳನೆಯ ತರಗತಿಯ ಮಗುವಿಗೂ ಗೊತ್ತಿರುವಂಥವು. ಆದರೂ ನಾನು ಪದವಿಪೂರ್ವ ತರಗತಿಗಳಿಗೆ ಇಂಗ್ಲಿಷ್ ಕಲಿಸುತ್ತಿದ್ದಾಗ, ಈ ವಾಕ್ಯವನ್ನು ಹಲಗೆಯ ಮೇಲೆ ಬರೆದರೆ ಅನೇಕ ಮಕ್ಕಳು ‘ಅಕ್ಕ’ ಎಂದೇ ಹೇಳುತ್ತಿದ್ದರು. ‘ಟೀಚಸ್’ ಆದ ಕೂಡಲೇ ‘ಈಸ್ ಎ ಪೇಂಟರ್’ ಬರುತ್ತದೆ, ಪಕ್ಕದಲ್ಲೇ ಅಕ್ಕ ಇದ್ದಾಳೆ. ಮುದುಕನು ವಾಕ್ಯದ ಆ ತುದಿಯಲ್ಲಿ ಎಂದೋ ಹಿಂದೆ ಉಳಿದಿದ್ದಾನೆ.

ನಮ್ಮ ಮಕ್ಕಳ ಹಾಗೆಯೇ ಎಡವುವ ಇನ್ನೊಂದು ದೊಡ್ಡ ಸಮೂಹ ಚೀನಾದಲ್ಲಿದೆ. ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆಗೆ ಗಾವ್‌ಕಾವ್ ಎಂದು ಹೆಸರು. ಜೂನ್ 8ರ ಮಧ್ಯಾಹ್ನ ಮೂರು ಗಂಟೆಗೆ, ಅಂದರೆ ನಮ್ಮ ಗಡಿಯಾರದಲ್ಲಿ ಹನ್ನೆರಡೂವರೆಗೆ, ಇಂಗ್ಲಿಷ್ ಪತ್ರಿಕೆ ಆರಂಭವಾಗುತ್ತದೆ. ಕೇಂದ್ರದ ಸುತ್ತಮುತ್ತ ವಾಹನಗಳು ಹಾರ್ನ್ ಮಾಡುವಂತಿಲ್ಲ, ಹತ್ತಿರದ ಕಟ್ಟಡದ ಕೆಲಸ ನಿಲ್ಲುತ್ತದೆ, ಗೇಟಿನ ಹೊರಗೆ ತಂದೆತಾಯಿಗಳು ಕಾಯುತ್ತಿರುತ್ತಾರೆ. 2024ರಲ್ಲಿ ಗಾವ್‌ಕಾವ್‌ಗೆ ಹೆಸರು ನೋಂದಾಯಿಸಿದ್ದವರು 1 ಕೋಟಿ 34 ಲಕ್ಷ ಮಂದಿ. ಜಪಾನಿ, ರಷ್ಯನ್ ಮೊದಲಾದ ಭಾಷೆಗಳನ್ನು ಆರಿಸಿಕೊಳ್ಳುವ ಅವಕಾಶವಿದ್ದರೂ ಬಹುಪಾಲು ಮಕ್ಕಳು ಬರೆಯುವುದು ಇಂಗ್ಲಿಷನ್ನೇ.

ಪರೀಕ್ಷೆ ಮುಗಿದ ಮೇಲೆ ಆ ಪತ್ರಿಕೆಗಳು ಎಲ್ಲರ ಕೈಗೂ ಸಿಗುತ್ತವೆ. ನಾನು ಕೆಲವು ವರ್ಷಗಳಿಂದ ಅವುಗಳನ್ನು ಬಿಡಿಸುತ್ತಾ ಬಂದಿದ್ದೇನೆ. ಪೆನ್ಸಿಲ್ ಹಿಡಿದು, ಗಡಿಯಾರ ಎದುರಿಗಿಟ್ಟುಕೊಂಡು. ನನ್ನ ಮಕ್ಕಳು ಎಲ್ಲಿ ಎಡವುತ್ತಿದ್ದರು ಎಂಬುದು ನನಗೆ ಸ್ಪಷ್ಟವಾಗಿ ಕಂಡದ್ದು ಆ ಮಕ್ಕಳ ಪತ್ರಿಕೆಯಲ್ಲಿ.

ಹೆಚ್ಚಿನ ಪ್ರಾಂತ್ಯಗಳು ಬಳಸುವ ರಾಷ್ಟ್ರೀಯ ಪತ್ರಿಕೆಗೆ 150 ಅಂಕ, 2 ಗಂಟೆ. ಅದರಲ್ಲಿ ಓದಿ ಉತ್ತರಿಸುವ ಭಾಗಕ್ಕೇ 50 ಅಂಕ. ನಾಲ್ಕು ಗದ್ಯಭಾಗಗಳಿರುತ್ತವೆ, ಮಕ್ಕಳು ಅವುಗಳನ್ನು ಎ, ಬಿ, ಸಿ, ಡಿ ಎಂದೇ ಕರೆಯುತ್ತಾರೆ. ಎ ಎಂದರೆ ಸಾಮಾನ್ಯವಾಗಿ ವಸ್ತುಸಂಗ್ರಹಾಲಯದ ವೇಳಾಪಟ್ಟಿ, ಬೇಸಿಗೆ ಶಿಬಿರದ ಪ್ರಕಟಣೆ, ಇಂಥದ್ದು. ಬಿ ಹೆಚ್ಚಾಗಿ ಯಾರದಾದರೂ ಬದುಕಿನ ಕಥೆ. ಸಿ ಮತ್ತು ಡಿ ಕಡೆಗೆ ಬಂದಾಗ ವಿಜ್ಞಾನ, ಸಮಾಜ, ಸಂಶೋಧನೆ. ವಾಕ್ಯಗಳು ಉದ್ದವಾಗುತ್ತವೆ, ಮಕ್ಕಳ ಮುಖ ಸಣ್ಣದಾಗುತ್ತದೆ. ನಾಲ್ಕಕ್ಕೂ ಸೇರಿ 15 ಪ್ರಶ್ನೆ, ಪ್ರತಿಯೊಂದಕ್ಕೂ ಎರಡೂವರೆ ಅಂಕ. ಉಳಿದ ಹನ್ನೆರಡೂವರೆ ಅಂಕ ಗದ್ಯದ ಖಾಲಿ ಜಾಗಗಳಿಗೆ ವಾಕ್ಯ ಪೋಣಿಸುವ ಭಾಗಕ್ಕೆ, ಅದರ ಮಾತು ಆಮೇಲೆ. ನಮ್ಮಲ್ಲಿ ದ್ವಿತೀಯ ಪಿಯುಸಿಯ ಇಂಗ್ಲಿಷ್ ಪತ್ರಿಕೆ ಬಹುಮಟ್ಟಿಗೆ ಪಠ್ಯಪುಸ್ತಕವನ್ನು ನೆಚ್ಚಿಕೊಂಡಿದೆ. ಅಲ್ಲಿ ಒಂದೇ ಒಂದು ಸಾಲೂ ಪಠ್ಯದಿಂದ ಬರುವುದಿಲ್ಲ. ಗಾನ್ಸುವಿನ ಹಳ್ಳಿಯ ಹುಡುಗಿಯಾಗಲಿ ಶಾಂಘೈಯ ಹುಡುಗನಾಗಲಿ, ತಾನು ಹಿಂದೆಂದೂ ಕಾಣದ ಬರಹದ ಮುಂದೆ ಒಬ್ಬಂಟಿಯಾಗಿ ಕೂರಬೇಕು. ಈ ಒಂದು ಕಾರಣಕ್ಕೆ ಆ ಪರೀಕ್ಷೆಯ ಬಗ್ಗೆ ನನಗೆ ಗೌರವವಿದೆ.

ಈಗ ಆ ಮುದುಕನ ವಾಕ್ಯಕ್ಕೆ ಮರಳೋಣ. ಅದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೇವೆ? ‘ನನ್ನ ಅಕ್ಕ ಪಾಠ ಮಾಡುವ ಶಾಲೆಯ ಹಿಂದಿನ ಮನೆಯಲ್ಲಿ ವಾಸಿಸುವ ಮುದುಕ ಚಿತ್ರಕಾರ.’ ಅಕ್ಕ, ಶಾಲೆ, ಮನೆ, ಮುದುಕ. ಇಂಗ್ಲಿಷಿನಲ್ಲಿ ಮುದುಕ, ಮನೆ, ಶಾಲೆ, ಅಕ್ಕ. ಪೂರ್ತಿ ತಿರುವುಮುರುವು. ಚೀನೀ ಭಾಷೆ ಈ ವಿಷಯದಲ್ಲಿ ನಮ್ಮ ಪಕ್ಷದಲ್ಲಿದೆ. ಬಣ್ಣಿಸುವ ಮಾತೆಲ್ಲ ಮೊದಲು, ಬಣ್ಣಿಸಿಕೊಂಡ ವಸ್ತು ಕೊನೆಗೆ. ‘ನಾನು ನಿನ್ನೆ ಗ್ರಂಥಾಲಯದಲ್ಲಿ ಪಡೆದ ಆ ಪುಸ್ತಕ’ ಎಂಬ ಮಾತನ್ನು ಚೀನೀ ಭಾಷೆಗೆ ಪದಕ್ಕೆ ಪದ, ಇದೇ ಸರದಿಯಲ್ಲಿ, ಒಂದೂ ಸ್ಥಾನ ಕದಲಿಸದೆ ಹಾಕಬಹುದು. ನಮ್ಮ ‘ಪಡೆದ’, ‘ತಂದ’ಗಳ ಕೊನೆಯಲ್ಲಿ ಕೇಳುವ ‘ದ’ ಇದೆಯಲ್ಲ, ಚೀನೀ ಭಾಷೆಯಲ್ಲೂ ಆ ಜಾಗದಲ್ಲಿ ‘ದ’ ಎಂಬಂತೆಯೇ ಕೇಳಿಸುವ ಒಂದು ಸಣ್ಣ ಪದ ಬರುತ್ತದೆ. ಎರಡು ಭಾಷೆಗಳಿಗೆ ನೆಂಟಸ್ತನವಿಲ್ಲ, ಇದು ಬರಿಯ ಆಕಸ್ಮಿಕ. ಆದರೂ ಮೊದಲ ಬಾರಿ ಗಮನಿಸಿದಾಗ ನನಗೆ ಆ ದಿನವಿಡೀ ಸಂತೋಷವಾಗಿತ್ತು.

ಹೀಗಾಗಿ ಚೀನಾದ ಮಗುವಿಗೆ ‘ನಾನು ಅನ್ನ ತಿನ್ನುತ್ತೇನೆ’ ಎಂಬಂಥ ಇಂಗ್ಲಿಷ್ ವಾಕ್ಯ ನಮಗಿಂತ ಸುಲಭ. ಕ್ರಿಯಾಪದ ಮಧ್ಯದಲ್ಲಿ ಬರುವುದು ಅದಕ್ಕೆ ಮನೆಯ ಅಭ್ಯಾಸ. ಆದರೆ ‘ಹೂ’, ‘ವಿಚ್’, ‘ದಟ್’ ಬಂದು ವಾಕ್ಯ ಹಿಂದಕ್ಕೆ ಬಾಲ ಬೆಳೆಸತೊಡಗಿದರೆ, ಅಲ್ಲಿಂದ ಅದೂ ನಮ್ಮ ಮಗುವೂ ಒಂದೇ ದೋಣಿಯಲ್ಲಿರುತ್ತವೆ. ಅಲ್ಲಿನ ಶಿಕ್ಷಕರು ಇಂಥ ವಾಕ್ಯಗಳಿಗೆ ‘ಚಾಂಗ್ ನಾನ್ ಜ್ಯು’ ಎನ್ನುತ್ತಾರೆ: ಉದ್ದನೆಯ, ಕಷ್ಟದ ವಾಕ್ಯ. ಪ್ರತಿ ಇಂಗ್ಲಿಷ್ ತರಗತಿಯಲ್ಲೂ ಕೇಳಿಬರುವ ಮಾತು ಅದು.

ಕ್ರಿಯಾಪದದ ರೂಪವೂ ಒಂದು ತೊಡಕು. ‘ಬಂದಿದ್ದರೆ ಸಿಗುತ್ತಿತ್ತು’ ಎಂದರೆ ಬರಲಿಲ್ಲ, ಸಿಗಲಿಲ್ಲ ಎಂದು ಕನ್ನಡದ ಮಗುವಿಗೆ ಆ ರೂಪವೇ ಹೇಳಿಬಿಡುತ್ತದೆ. ಚೀನೀ ಭಾಷೆಯ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಆಗದೇ ಹೋದ ಸಂಗತಿಯೆಂಬುದು ಸಂದರ್ಭದಿಂದ ತಿಳಿಯಬೇಕು. ಹಾಗಾಗಿ ಇಂಗ್ಲಿಷಿನ ‘ವುಡ್ ಹ್ಯಾವ್’ ಎಂಬ ಪುಟ್ಟ ಸುಳಿವು ಆ ಮಗುವಿನ ಕಣ್ಣಿನಿಂದ ಜಾರಿಹೋಗುತ್ತದೆ, ನಡೆಯದ ಘಟನೆ ನಡೆಯಿತೆಂದು ಉತ್ತರ ಗುರುತು ಮಾಡಿ ಬರುತ್ತದೆ.

ಪದಗಳ ವಿಷಯದಲ್ಲಿ ನಾನು ಅಷ್ಟು ಚಿಂತಿಸುವುದಿಲ್ಲ. ‘ಮೂರೂವರೆ ಸಾವಿರ ಪದ’ ಎಂಬುದು ಅಲ್ಲಿನ ಮಕ್ಕಳಿಗೆ ಮಂತ್ರದಂತೆ. ಪುಟ್ಟ ಪದಪಟ್ಟಿ ಪುಸ್ತಕ ಹಿಡಿದು ಬೆಳಗಿನ ಓದಿನ ಅವಧಿಯಲ್ಲಿ ಇಡೀ ತರಗತಿ ಗಟ್ಟಿಯಾಗಿ ಉರು ಹೊಡೆಯುತ್ತದೆ. ಪರೀಕ್ಷೆ ಕಾಡುವುದು ಹೆಚ್ಚಾಗಿ ಗೊತ್ತಿರುವ ಪದಗಳ ಗೊತ್ತಿಲ್ಲದ ಅರ್ಥದಿಂದ. ‘ಹೌ ಆರ್ ಯು’ ಎಂದರೆ ‘ಫೈನ್, ಥ್ಯಾಂಕ್ ಯು, ಆಂಡ್ ಯು’ ಎಂದು ಚೀನಾದಲ್ಲಿ ಒಂದಿಡೀ ತಲೆಮಾರು ಬಾಯಿಪಾಠ ಮಾಡಿದೆ. ಅದೇ ‘ಫೈನ್’ ದಂಡವೂ ಆಗಬಹುದು ಎಂದಾಗ ಮಗು ಬೆಚ್ಚುತ್ತದೆ. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳದಿದ್ದರೆ ಫೈನ್ ಬೀಳುವುದನ್ನು, ರೈಲಿಗೆ ಸೀಟು ಬುಕ್ ಮಾಡುವುದನ್ನು ಮನೆಮಾತಿನಲ್ಲೇ ಕೇಳಿ ಬೆಳೆದ ನಮ್ಮ ಮಗುವಿಗೆ ಇಲ್ಲಿ ಕೊಂಚ ಅನುಕೂಲ. ಇನ್ನೊಂದು ಕಡೆ ಅನುಕೂಲ ಅವರದು. ಚೀನೀ ಲಿಪಿಯಲ್ಲಿ ಎಡಕ್ಕೆ ಮೂರು ಹನಿಯಂಥ ಗೆರೆಗಳಿದ್ದರೆ ಆ ಅಕ್ಷರಕ್ಕೂ ನೀರಿಗೂ ಸಂಬಂಧವಿರಬೇಕು ಎಂದು ಮಗು ಊಹಿಸುತ್ತದೆ. ನದಿ, ಕೆರೆ, ಕಡಲು ಮೂರಕ್ಕೂ ಆ ಹನಿಗಳಿವೆ. ಗೊತ್ತಿಲ್ಲದ್ದನ್ನು ಅದರ ಒಂದು ತುಂಡಿನಿಂದ ಊಹಿಸುವ ಈ ಕಸುಬು, ಗೆರೆ ಎಳೆದ ಇಂಗ್ಲಿಷ್ ಪದದ ಅರ್ಥ ಕೇಳುವ ಪ್ರಶ್ನೆಯಲ್ಲಿ ನೇರವಾಗಿ ಕೈಹಿಡಿಯುತ್ತದೆ.

ಇನ್ನು ನಾಲ್ಕು ಆಯ್ಕೆಗಳ ಕಥೆ. ಒಂದು ಸಣ್ಣ ಉದಾಹರಣೆಯನ್ನು ನಾನೇ ಕಟ್ಟಿದ್ದೇನೆ. ಒಬ್ಬ ಬೇಕರಿಯವನು ಮಾರಾಟವಾಗದೆ ಉಳಿದ ಬ್ರೆಡ್ಡನ್ನು ಎಸೆಯಲು ಮನಸ್ಸಿಲ್ಲದೆ ಪ್ರತಿ ಸಂಜೆ ವೃದ್ಧಾಶ್ರಮಕ್ಕೆ ಕಳುಹಿಸುತ್ತಿದ್ದ. ಒಂದು ಮಳೆಯ ದಿನ ತಾನೇ ಒಯ್ದ. ತಿಂಗಳುಗಳಿಂದ ಮಾತಾಡದಿದ್ದ ಒಬ್ಬ ಅಜ್ಜ ಬ್ರೆಡ್ಡಿನ ವಾಸನೆ ಹಿಡಿದು ತನ್ನ ತಾಯಿಯ ಹೆಸರು ಹೇಳಿದ. ಮರುದಿನದಿಂದ ಬೇಕರಿಯವನು ಹತ್ತು ಬ್ರೆಡ್ಡುಗಳನ್ನು ಆಶ್ರಮಕ್ಕೆಂದೇ ಹೊಸದಾಗಿ ಸುಡತೊಡಗಿದ. ಪ್ರಶ್ನೆ: ಅವನು ಈಗ ಹತ್ತು ಬ್ರೆಡ್ ಹೆಚ್ಚಾಗಿ ಸುಡುವುದೇಕೆ? ಒಂದನೆಯ ಆಯ್ಕೆ, ಬ್ರೆಡ್ ವ್ಯರ್ಥವಾಗಬಾರದೆಂದು. ಎರಡನೆಯದು, ಆಶ್ರಮದವರು ಕೇಳಿಕೊಂಡರೆಂದು. ಮೂರನೆಯದು, ಅವನ ತಾಯಿಯ ನೆನಪಿಗೆಂದು. ನಾಲ್ಕನೆಯದು, ಹೊಟ್ಟೆ ತುಂಬಿಸುವುದಕ್ಕಿಂತ ಹೆಚ್ಚಿನದೇನನ್ನೋ ಅದು ಮಾಡಬಲ್ಲದೆಂದು ಅವನು ಕಂಡುಕೊಂಡನೆಂದು.

ಚೀನಾದ ಶಿಕ್ಷಕರು ತಪ್ಪು ಆಯ್ಕೆಗಳಿಗೆ ತಮ್ಮ ಹಳೆಯ ನುಡಿಗಟ್ಟುಗಳಿಂದಲೇ ಹೆಸರು ಕೊಟ್ಟಿದ್ದಾರೆ. ತಾಯಿ ಅಜ್ಜನವಳು, ಅವಳನ್ನು ಬೇಕರಿಯವನಿಗೆ ಅಂಟಿಸಿದ ಮೂರನೆಯ ಆಯ್ಕೆಗೆ ‘ಝಾಂಗನ ಟೋಪಿ ಲೀಯ ತಲೆಗೆ’ ಎನ್ನುತ್ತಾರೆ. ಆಶ್ರಮದವರು ಕೇಳಿಕೊಂಡ ಮಾತು ಎಲ್ಲೂ ಇಲ್ಲ. ಅದು ‘ಇಲ್ಲದರಿಂದ ಇದ್ದದ್ದನ್ನು ಹುಟ್ಟಿಸಿದ್ದು’. ನಿಜವಾಗಿ ಅಪಾಯಕಾರಿಯಾದದ್ದು ಮೊದಲನೆಯದು. ಅದು ಕಥೆಯಲ್ಲಿ ಇದೆ, ನಿಜವೂ ಹೌದು, ಆದರೆ ಈ ಪ್ರಶ್ನೆಗೆ ಅದು ಉತ್ತರವಲ್ಲ. ಪ್ರಶ್ನೆಯ ಒಂದು ಪದ ಹಿಡಿದು, ಗದ್ಯಭಾಗದಲ್ಲಿ ಅದೇ ಪದ ಎಲ್ಲಿದೆಯೆಂದು ಹುಡುಕಿ, ಅಲ್ಲಿ ಸಿಕ್ಕಿದ್ದನ್ನು ಗುರುತು ಮಾಡುವ ಮಗು ಈ ಬಲೆಗೆ ಖಂಡಿತ ಬೀಳುತ್ತದೆ. ಬಹುಪಾಲು ಸರಿಯುತ್ತರಗಳು ಗದ್ಯದ ಪದಗಳನ್ನೇ ತೊಟ್ಟು ಬರುವುದಿಲ್ಲ.

ನನ್ನ ಕಳವಳ ಇರುವುದು ಇಲ್ಲಿ. ‘ಶ್ವಾಥಿ’ ಎಂಬ ಮಾತು ಚೀನಾದ ಹೈಸ್ಕೂಲುಗಳಲ್ಲಿ ದಿನಬಳಕೆಯದು. ಪ್ರಶ್ನೆಗಳನ್ನು ಬ್ರಷ್ಷಿನಿಂದ ತಿಕ್ಕಿದಂತೆ ಒಂದಾದ ಮೇಲೊಂದು ತಿಕ್ಕುತ್ತಾ ಹೋಗುವುದು ಎಂದು ಅದರ ಭಾವ. ರಾತ್ರಿ ಹತ್ತರವರೆಗೆ ನಡೆಯುವ ಸ್ವಂತ ಓದಿನ ಅವಧಿಯಲ್ಲಿ ಮಕ್ಕಳು ಮಾಡುವುದು ಬಹುಮಟ್ಟಿಗೆ ಇದನ್ನೇ. ಮುನ್ನೂರು ಪದಗಳ ಗದ್ಯ, ನಾಲ್ಕು ಪ್ರಶ್ನೆ, ಉತ್ತರ ತಾಳೆ, ಮುಂದಿನದು. ಯಾವ ಬರಹವನ್ನೂ ಎರಡನೆಯ ಬಾರಿ ಓದುವುದಿಲ್ಲ. ನಗರದ ಅನುಕೂಲಸ್ಥ ಮಗುವಿಗೆ ಮನೆಯಲ್ಲಿ ಕಥೆಪುಸ್ತಕಗಳಾದರೂ ಇರುತ್ತವೆ. ಹಳ್ಳಿಯ ಎಷ್ಟೋ ಮಕ್ಕಳು ಹೈಸ್ಕೂಲು ಮುಗಿಸುವಷ್ಟರಲ್ಲಿ ನೂರಾರು ಇಂಗ್ಲಿಷ್ ಗದ್ಯಭಾಗಗಳನ್ನು ಬಿಡಿಸಿರುತ್ತಾರೆ, ಒಂದು ಇಂಗ್ಲಿಷ್ ಪುಸ್ತಕವನ್ನೂ ಓದಿರುವುದಿಲ್ಲ. ಇದು ನನಗೆ ಅನ್ಯಾಯವೆನಿಸುತ್ತದೆ. ತಿರುವುಮುರುವಾದ ವಾಕ್ಯ ಸರಳವೆನಿಸಬೇಕಾದರೆ ಕಿವಿಗೆ ಅದರ ನಡೆ ಹಿಡಿಯಬೇಕು. ಗಡಿಯಾರ ನೋಡುತ್ತಾ ಉತ್ತರ ಬೇಟೆಯಾಡುವವರಿಗೆ ಆ ನಡೆ ಹಿಡಿಯುವುದಿಲ್ಲ.

ಎರಡೂವರೆ ಅಂಕದ ಒಂದೊಂದು ಪ್ರಶ್ನೆಯ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದು 2018ರಲ್ಲಿ ಜ಼ೆಜಿಯಾಂಗ್ ಪ್ರಾಂತ್ಯದಲ್ಲಿ ಕಂಡಿತು. ಅಲ್ಲಿ ಇಂಗ್ಲಿಷನ್ನು ಎರಡು ಬಾರಿ ಬರೆಯುವ ಅವಕಾಶವಿದೆ. ಆ ನವೆಂಬರಿನ ಪತ್ರಿಕೆ ಹಿಂದಿನದಕ್ಕಿಂತ ಕಠಿಣವಾಯಿತೆಂದು, ಓದಿ ಉತ್ತರಿಸುವ ಭಾಗದ ಮತ್ತು ಬಿಟ್ಟ ಸ್ಥಳ ತುಂಬುವ ಭಾಗದ ಕೆಲವು ಪ್ರಶ್ನೆಗಳಿಗೆ ಅಧಿಕಾರಿಗಳು ಹೆಚ್ಚಿನ ತೂಕ ಕೊಟ್ಟು ಅಂಕ ಹಾಕಿದರು. ಅಂಕಪಟ್ಟಿ ಕಂಡ ಮಕ್ಕಳೂ ಪೋಷಕರೂ ಸಿಡಿದೆದ್ದರು. ತನಿಖೆ ನಡೆದು, ಡಿಸೆಂಬರ್ ಮೊದಲ ವಾರದಲ್ಲಿ ಆ ತೂಕವನ್ನು ರದ್ದುಪಡಿಸಿ ಮೂಲ ಅಂಕಗಳನ್ನೇ ಮರಳಿ ಕೊಟ್ಟರು, ಹೊಣೆಗಾರರ ಮೇಲೆ ಕ್ರಮವಾಯಿತು.

ಇದೇ ಪ್ರಾಂತ್ಯ ಇನ್ನೊಂದು ಒಳ್ಳೆಯ ಕೆಲಸಕ್ಕೂ ಮೊದಲಿಗ. 2016ರ ಅಕ್ಟೋಬರಿನಲ್ಲಿ ಅಲ್ಲಿ ಹೊಸ ಬಗೆಯ ಪ್ರಶ್ನೆಯೊಂದು ಬಂತು, ಈಗ ಅದು ರಾಷ್ಟ್ರೀಯ ಪತ್ರಿಕೆಗಳಲ್ಲೂ ಇದೆ. ಅರ್ಧಕ್ಕೆ ನಿಲ್ಲಿಸಿದ ಒಂದು ಕಥೆಯನ್ನು ಕೊಡುತ್ತಾರೆ. ಮುಂದಿನ ಎರಡು ಪ್ಯಾರಾಗಳ ಮೊದಲ ವಾಕ್ಯ ಮಾತ್ರ ಇರುತ್ತದೆ. ಉಳಿದ ಕಥೆಯನ್ನು ಸುಮಾರು 150 ಪದಗಳಲ್ಲಿ ಮಗು ಬರೆಯಬೇಕು. 25 ಅಂಕ. ಇಲ್ಲಿ ಊಹೆಯಿಂದ ಗುರುತು ಹಾಕುವ ದಾರಿಯಿಲ್ಲ. ಕಥೆಯ ನಾಯಿಮರಿ ಎಲ್ಲಿ ಕಳೆದುಹೋಯಿತು, ತಂಗಿ ಯಾಕೆ ಮುನಿಸಿಕೊಂಡಳು ಎಂಬುದನ್ನು ನಿಜವಾಗಿ ಓದಿ ಮನಸ್ಸಿಗೆ ತಂದುಕೊಳ್ಳದವರು ಮುಂದಿನ ಸಾಲು ಬರೆಯಲಾರರು. ಏಳು ವಾಕ್ಯಗಳಲ್ಲಿ ಐದನ್ನು ಆರಿಸಿ ಗದ್ಯದ ಖಾಲಿ ಜಾಗಗಳಿಗೆ ಪೋಣಿಸುವ ಭಾಗವೂ ನನಗೆ ಮೆಚ್ಚುಗೆ. ‘ಆದರೆ’, ‘ಇಂಥ’, ‘ಅದರಿಂದ’ ಎಂಬ ಸಣ್ಣ ಪದಗಳೇ ಅಲ್ಲಿ ದಾರಿ ತೋರಿಸುವವು. ಒಬ್ಬರ ಆಲೋಚನೆ ಒಂದು ವಾಕ್ಯದಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕಂಡಿಲ್ಲ.

ಚೀನಾದ ತರಗತಿಗಳಲ್ಲಿ ಎರಡು ಬಗೆಯ ಓದಿಗೆ ಹೆಸರುಗಳಿವೆ: ‘ಜಿಂಗ್‌ದು’, ಸೂಕ್ಷ್ಮವಾದ ಓದು; ‘ಫಾನ್‌ದು’, ಹರಡಿಕೊಂಡ ಓದು. ಎರಡೂ ಬೇಕೆಂದು ಅಲ್ಲಿನ ಶಿಕ್ಷಕರೇ ಹೇಳುತ್ತಾರೆ. ಪರೀಕ್ಷೆ ಹತ್ತಿರವಾದಂತೆ ಎರಡಕ್ಕೂ ಹೊತ್ತು ಉಳಿಯುವುದಿಲ್ಲ. ನಾನು ನನ್ನ ತರಗತಿಯಲ್ಲಿ ಮಾಡಿದ ಒಂದು ಸಣ್ಣ ಪ್ರಯೋಗವನ್ನು ಹೇಳುತ್ತೇನೆ. ಆಯ್ಕೆಗಳನ್ನೆಲ್ಲ ಕಾಗದದಿಂದ ಮುಚ್ಚಿಸುತ್ತಿದ್ದೆ. ವಾಕ್ಯವನ್ನು ತುಂಡು ತುಂಡಾಗಿ, ಇಂಗ್ಲಿಷಿನ ಸರದಿಯಲ್ಲೇ, ಗಟ್ಟಿಯಾಗಿ ಓದುತ್ತಿದ್ದೆ. ಪ್ರತಿ ನಿಲುಗಡೆಯಲ್ಲೂ ಮಕ್ಕಳು ಒಂದೇ ಪ್ರಶ್ನೆ ಕೇಳಬೇಕು.

ದ ಓಲ್ಡ್ ಮ್ಯಾನ್. ‘ಯಾವ ಮುದುಕ?’ ಹೂ ಲಿವ್ಸ್ ಇನ್ ದ ಹೌಸ್. ‘ಯಾವ ಮನೆ?’ ಬಿಹೈಂಡ್ ದ ಸ್ಕೂಲ್. ‘ಯಾವ ಶಾಲೆ?’ ವೇರ್ ಮೈ ಸಿಸ್ಟರ್ ಟೀಚಸ್. ಇಲ್ಲಿ ಮಕ್ಕಳು ತಾವಾಗಿಯೇ ನಿಲ್ಲುತ್ತಿದ್ದರು. ಕೇಳಲು ಇನ್ನೇನೂ ಉಳಿದಿರುತ್ತಿರಲಿಲ್ಲ. ಒಂದು ಕ್ಷಣ ಮೌನ. ಆಮೇಲೆ ಹಿಂದಿನ ಬೆಂಚಿನಿಂದ ಯಾರಾದರೂ ಕೇಳುತ್ತಿದ್ದರು: ‘ಸರ್, ಆ ಮುದುಕನಿಗೆ ಏನಾಯಿತು?’

ಈಸ್ ಎ ಪೇಂಟರ್.

ನಮಸ್ಕಾರ.