ಮೊಟ್ಟೆ ಅವರದು, ತತ್ತಿ ನಮ್ದು: ‘ಒಂದು ಮೊಟ್ಟೆಯ ಕಥೆ’ ಕಲಬುರಗಿ ಕಣ್ಣಿಲೆ

[ದೃಶ್ಯ: ಸೂಪರ್ ಮಾರ್ಕೆಟ್, ಮಟಮಟ ಮಧ್ಯಾಹ್ನ. ತಲಿಗೆ ದಸ್ತಿ ಸುತ್ಗೊಂಡು ಹೊಂಟ ಮಂದಿ.]

ನಮಸ್ಕಾರ್ರಿ. ನಮ್ ಕಡಿ ಅಂಗಡಿಗೆ ಹೋಗಿ ಯಾರೂ ಮೊಟ್ಟೆ ಕೇಳಂಗಿಲ್ಲ, ತತ್ತಿ ಕೇಳ್ತೀವಿ. ಅದಕ್ಕೇ 2017ರಾಗ ‘ಒಂದು ಮೊಟ್ಟೆಯ ಕಥೆ’ ಬಂದಾಗ ನಮ್ಮವ್ವ, “ತತ್ತಿ ಮ್ಯಾಲೂ ಸಿನಿಮಾ ತೆಗದಾರೇನೋ?” ಅಂದಿದ್ಲು. ತತ್ತಿ ಅಲ್ಲವ್ವ, ಬೋಳ ತಲಿ.

ಕಥಿ ಸಣ್ಣದದ. ಜನಾರ್ದನ ಅಂತ ಮಂಗಳೂರಿನ ಕನ್ನಡ ಲೆಕ್ಚರರ್. ನೌಕರಿ ಅದ, ಮನಿ ಅದ, ತಲಿ ಮ್ಯಾಲ ಕೂದಲಿಲ್ಲ. ಕನ್ಯಾ ಸಿಗವಲ್ದು. ರಾಜ್ ಬಿ. ಶೆಟ್ಟಿ ನಿರ್ದೇಶನ ಮಾಡಿದ ಮೊದಲ್ನೇ ಸಿನಿಮಾ ಇದು, ಜನಾರ್ದನನೂ ಅವರೇ.

ನಮ್ಮೂರಾಗಾದ್ರ ಈ ಕಥಿ ಅರ್ಧಾ ವರ್ಷ ನಡೀತಿದ್ದಿಲ್ಲ ನೋಡ್ರಿ. ಏಪ್ರಿಲ್-ಮೇದಾಗ ಬಿಸಿಲು 42 ಡಿಗ್ರಿ ದಾಟ್ತದ, ಎಲ್ಲಾರ ತಲಿ ಮ್ಯಾಲೂ ದಸ್ತಿ. ಯಾರು ಬೋಳ, ಯಾರು ಗುಂಗರಗೂದ್ಲಾ, ಯಾರಿಗ್ಗೊತ್ತು? ಮದುವ್ಯಾಗಂತೂ ರುಮಾಲು ಸುತ್ತೇಬಿಡ್ತಾರ.

[ದೃಶ್ಯ: ಮಳಖೇಡದ ಕೋಟೆ.]

ಸಿನಿಮಾ ನನಗ ಹಿಡಿಸಿದ್ದು ಮೊದ್ಲು ಮಾತಿನಾಗ. ಇದು ಮಳಖೇಡರಿ, ನಮ್ಮ ಜಿಲ್ಲಾದ್ದೇ, ರಾಷ್ಟ್ರಕೂಟರ ರಾಜಧಾನಿ. ನೃಪತುಂಗನ ಆಸ್ಥಾನದಾಗ, 9ನೇ ಶತಮಾನದಾಗ ಹುಟ್ಟಿದ ‘ಕವಿರಾಜಮಾರ್ಗ’ ಒಂದೇ ಕನ್ನಡ ಅನ್ನಂಗಿಲ್ಲ, ಕನ್ನಡಂಗಳ್, ಅಂದ್ರ ಹಲವು ಕನ್ನಡ ಅಂತದ. ಇವುಗಳ ದೋಷ ಎಣಿಸ್ಲಿಕ್ಕೆ ಕುಂತ್ರ ಸಾವಿರ ಹೆಡಿ ವಾಸುಕಿಗೂ ಬ್ಯಾಸರಾಗ್ತದ ಅಂತದ. ಆದ್ರ ನಮ್ಮ ಸಿನಿಮಾದವ್ರಿಗೆ ಭಾಳ ದಿನ ಗೊತ್ತಿದ್ದದ್ದು ಒಂದೇ ಕನ್ನಡ. ಮಂಗಳೂರು ಕನ್ನಡ ಅಡಗಿ ಭಟ್ಟಗ, ನಮ್ ಕನ್ನಡ ನಗಸ್ಲಿಕ್ಕೆ. ಇಲ್ಲಿ ಹೀರೋನೇ “ಎಂತ ಮಾರಾಯ” ಅಂತಾನ, ಆ ಮಾತಿಗೇ ನಗ್ರಿ ಅಂತ ಯಾರೂ ನಮಗ ಚಿವುಟಂಗಿಲ್ಲ. ಪ್ಯೂನ್ ಶ್ರೀನಿವಾಸ ಆಗಿರೋ ಪ್ರಕಾಶ್ ತುಮಿನಾಡ್ ಅವರ ಮಾತು ಕೇಳ್ಲಿಕ್ಕೇ ಇನ್ನೊಮ್ಮೆ ನೋಡಬೌದು.

ಎರಡ್ನೇದು ರಾಜಕುಮಾರ್. ಜನಾರ್ದನ ಅಣ್ಣಾವ್ರ ಭಕ್ತ. ಅವನ ಮನಸ್ಸಿನಾಗ ಹಳೀ ಹಾಡು ಏಳ್ತದ, ಎದುರಿಗೆ ಹುಡುಗಿ ತನ್ನ ಪಾಡಿಗೆ ತಾನು ಹೊಂಟಿರ್ತಾಳ. ನಗು ಹುಟ್ಟೋದು ಈ ನಡುವಿನ ಜಾಗದಾಗ. ಶೆಟ್ರು ಮುಖಾನೇ ಅಲ್ಲಾಡಸಂಗಿಲ್ಲ. ಅವಮಾನ ನುಂಗಿದ ಮನ್ಷಾ ಹಂಗೇ ಇರ್ತಾನರಿ.

ಇನ್ನ ಅಸಲಿ ಮಾತು. ಫೇಸ್‌ಬುಕ್‌ನಾಗ ಪರಿಚಯ ಆದ ಸರಳಾ ಖುದ್ದು ಭೇಟಿಗೆ ಬರ್ತಾಳ. ದಪ್ಪ ಹುಡುಗಿ. ತನ್ನ ತಲಿ ನೋಡಿ ಮುಖ ತಿರುಗಿಸಿದವ್ರನ್ನ ಬೈಕೊಂಡು ಬಂದ ಜನಾರ್ದನನ ಮುಖಾನೇ ಈಗ ಸಣ್ಣದಾಗ್ತದ. ನಾವು ಐದು ಮಂದಿ ರೂಮಿನಾಗ ಕುಂತು ನೋಡ್ಲಕತ್ತಿದ್ವಿ. ಅಲ್ಲಿ ತನಕಾ ಬಿದ್ದು ಬಿದ್ದು ನಕ್ಕ ಗೆಳೆಯ ಒಬ್ಬ ಸುಮ್ನಾದ. ಅದೇ ವಾರ ವಾಟ್ಸಾಪ್‌ಗೆ ಬಂದ ಕನ್ಯಾದ ಫೋಟೋ ನೋಡಿ, “ಸ್ವಲ್ಪ ದಪ್ಪ ಅದಾಳ” ಅಂತ ವಾಪಸ್ ಕಳಿಸಿದ್ದ. ನಾವು ನಾಲ್ಕೂ ಮಂದಿ ಅವಗ ಹೌದಪ್ಪಾ ಅಂದಿದ್ವಿ, ಅದನ್ನೂ ಹೇಳ್ಬೇಕಲ್ಲ.

[ದೃಶ್ಯ: ಖಾಲಿ ಚಹಾ ಕಪ್ಪುಗಳು.]

ಸಿನಿಮಾ ಗೆಲ್ಲೋದೂ ಇಲ್ಲೇ, ಎಡವೋದೂ ಇಲ್ಲೇ. ಜನಾರ್ದನನ ಸಂಕಟ ನಾವು ಒಳಗ ಹೊಕ್ಕು ನೋಡ್ತೀವಿ. ಸರಳಾನ ಸಂಕಟ? ಶೈಲಶ್ರೀ ಸಹಜ ಮಾಡ್ಯಾರ, ಕೊಟ್ಟಷ್ಟರಾಗೇ ಆಕಿನ್ನ ನಿಲ್ಲಿಸ್ಯಾರ. ಆದ್ರ ಬರದವ್ರು ಆಕಿಗೆ ಕೊಟ್ಟಿದ್ದು ಕಡಿಮಿ. ಇವಗ ಬುದ್ಧಿ ಬರೋ ತನಕಾ ಆಕಿ ಕಾಯ್ಬೇಕು, ಅಷ್ಟೇ. ಹೆಸರೇ ‘ಒಂದು’ ಮೊಟ್ಟೆಯ ಕಥೆ ಅನ್ರಿ.

ಸಣ್ಣ ತಕರಾರೂ ಅವ. ಬೋಳ ತಲಿ ಜೋಕು ಒಂದೆರಡು ಹೆಚ್ಚಾಗ್ಯಾವ. ಕೆಲವು ಕಡಿ ನಾಟಕ ನೋಡಿದಂಗ ಅನಸ್ತದ. ಬಿಡ್ರಿ, ರೊಕ್ಕ ಕಡಿಮಿ, ಹೊಸಬರು.

2019ರಾಗ ಇದು ಎರಡು ಭಾಷೆಗೆ ಹೋತು. ಹಿಂದಿಯಾಗ ‘ಉಜಡಾ ಚಮನ್’, ಅದರಾಗ ಗದ್ದಲ ಜಾಸ್ತಿ. ಮಲಯಾಳಂನಾಗ ‘ತಮಾಷ’, ಅದನ್ನ ಹುಡುಕಿ ನೋಡ್ರಿ. ಅಲ್ಲಿ ಆ ಹುಡುಗಿ, ತನ್ನ ಮೈ ನೋಡಿ ಫೇಸ್‌ಬುಕ್‌ನಾಗ ಆಡಿಕೊಂಡ ಮಂದಿಗೆ ತಾನೇ ಎದ್ದು ಕುಂತು ಉತ್ರ ಕೊಡ್ತಾಳ. ಹೀರೋನ್ನ ಕಾಯಂಗಿಲ್ಲ. ಅದನ್ನ ನೋಡಿ ಬಂದ ಮ್ಯಾಲ ಮತ್ತ ಮಂಗಳೂರಿನ ಸರಳಾನ್ನ ನೋಡಿದ್ರ, ಆಕಿ ಬಾಯಾಗ ಇನ್ನೂ ನಾಲ್ಕು ಮಾತು ಉಳದಾವ ಅನಸ್ತದ.